ಅಮ್ಮನ ರಿಲೇ ಕೆಲಸಕ್ಕೂ ಮಗಳ ಕಂಪ್ಯೂಟರ್ ಪಾಠಕ್ಕೂ ನಂಟಿದೆಯಾ? ತಿಳಿದವರು ಹೇಳಿ

ದೂರವಾಣಿನಗರದ ಮಗಳು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಇದೆ.

ನಮ್ಮಮ್ಮನಿಗೆ ಈಗ 79. ಮದುವೆಗೆ ಮುಂಚೆಯೇ ಇಲ್ಲಿಯ ಟೆಲಿಫೋನ್ ಕಾರ್ಖಾನೆ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಸೇರಿದವರು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಬಹುಕಾಲ ಮಾಡಿದ್ದು ರಿಲೇ ಅಡ್ಜಸ್ಟ್‌ಮೆಂಟ್. ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವ ರಿಲೇಗಳ ಸ್ಪ್ರಿಂಗುಗಳನ್ನು ಸಣ್ಣ ಇಕ್ಕಳದಲ್ಲಿ ಒಂದು ಕೂದಲೆಳೆಯಷ್ಟು ಬಗ್ಗಿಸುವುದು, ಟೆನ್ಶನ್ ಗೇಜಿನಲ್ಲಿ ಎಷ್ಟು ಗ್ರಾಂ ಅಂತ ನೋಡುವುದು, ಸಂದಿಗೆ ಫೀಲರ್ ಗೇಜ್ ತೂರಿಸಿ ಅಳೆಯುವುದು, ಸರಿಯಿದ್ದರೆ ಮುಂದಕ್ಕೆ ಕಳಿಸುವುದು. ದಿನವಿಡೀ ಇದೇ.

ನನ್ನ ಮಗಳು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದ್ತಾ ಇದ್ದವಳು ಹೋದ ವಾರ "ಅಜ್ಜಿ, ನೀವು ಫ್ಯಾಕ್ಟರಿಯಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿದಳು. ಅಮ್ಮ ಸೊಪ್ಪು ಬಿಡಿಸ್ತಾ, "ತಗಡು ಬಗ್ಗಿಸೋ ಕೆಲಸ ಕಣೇ. ನಿನ್ನ ಕಂಪ್ಯೂಟರ್ ಥರ ತಲೆ ಉಪಯೋಗಿಸೋದು ಅಲ್ಲ" ಅಂದುಬಿಟ್ಟರು. ಆ ಮಾತು ನನಗೆ ಚುಚ್ಚಿದ ಹಾಗಾಯಿತು. ಆ ತಗಡಿನ ಸಂಬಳದಲ್ಲೇ ನಾವು ಮೂರು ಜನ ಓದಿದ್ದು.

ಅಮ್ಮನ ಟ್ರಂಕಿನಲ್ಲಿ ಒಂದು ಹಳೇ ರಿಲೇ ಇದೆ. ನಿವೃತ್ತಿಯಾದ ಮೇಲೆ ಎಸ್‌ಜೆಪಿ ರಸ್ತೆಯ ಸಂಡೇ ಬಜಾರಿನಲ್ಲಿ ಕಣ್ಣಿಗೆ ಬಿತ್ತಂತೆ, ಚೌಕಾಸಿ ಮಾಡಿ ತಂದಿಟ್ಟುಕೊಂಡಿದ್ದಾರೆ. ನಾನು ಓದಿದ್ದು ಬಿ.ಕಾಂ. ಈ ರಿಲೇಗೂ ಈಗಿನ ಕಂಪ್ಯೂಟರಿಗೂ ಏನಾದರೂ ಸಂಬಂಧ ಇದೆಯಾ? ಸುಮ್ಮನೆ ಸಮಾಧಾನದ ಮಾತು ಬೇಡ. ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ.

ತ್ಯಾಗರಾಜನಗರದ ಮೇಷ್ಟ್ರು

ಇದೆ ತಾಯಿ. ದೂರದ ನಂಟಲ್ಲ, ಒಡಹುಟ್ಟಿದ ನಂಟು. ಪಾಲಿಟೆಕ್ನಿಕ್‌ನಲ್ಲಿ 31 ವರ್ಷ ಇದನ್ನೇ ಪಾಠ ಮಾಡಿದವನು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಮನೆಯ ಮೆಟ್ಟಿಲ ದೀಪ ನೆನಪಿಸಿಕೊಳ್ಳಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಯಾವುದಾದರೂ ಒಂದನ್ನು ಒತ್ತಿದರೆ ದೀಪ ಹತ್ತುತ್ತದೆ, ಎರಡನ್ನೂ ಒತ್ತಿದರೆ ಆರುತ್ತದೆ. ಈಗ ಸ್ವಿಚ್ ಒತ್ತಿದರೆ 1, ಒತ್ತದಿದ್ದರೆ 0 ಅನ್ನಿ; ದೀಪ ಹತ್ತಿದರೆ 1, ಆರಿದರೆ 0 ಅನ್ನಿ. ಕಂಪ್ಯೂಟರ್ ಎಣಿಸುವುದು 0, 1 ಎಂಬ ಎರಡೇ ಅಂಕಿಗಳಲ್ಲಿ, ಅಲ್ಲಿ ಎರಡನ್ನು 10 ಅಂತ ಬರೆಯುತ್ತಾರೆ. 0+1 ಅಂದರೆ 1, 1+0 ಅಂದರೆ 1, 1+1 ಅಂದರೆ ಬಿಡಿಸ್ಥಾನದಲ್ಲಿ 0. ಎರಡೂ ಸ್ವಿಚ್ ಒತ್ತಿದಾಗ ಮಾತ್ರ ಹತ್ತುವ ಇನ್ನೊಂದು ದೀಪ ಸೇರಿಸಿದರೆ ದಶಕವೂ ಸಿಕ್ಕಿತು. ಕೂಡುವ ಲೆಕ್ಕವನ್ನು ತಂತಿಯೇ ಮಾಡಿತು! ಈ ಸ್ವಿಚ್ಚನ್ನು ಬೆರಳಿನ ಬದಲು ಇನ್ನೊಂದು ತಂತಿಯ ವಿದ್ಯುತ್ತೇ ಒತ್ತುವಂತೆ ಮಾಡಿದರೆ ಅದರ ಹೆಸರು ರಿಲೇ. ಒಂದು ರಿಲೇ ಇನ್ನೊಂದನ್ನು ಎಳೆಯುತ್ತದೆ, ಅದು ಮತ್ತೊಂದನ್ನು. ಕಂಪ್ಯೂಟರಿನ ಒಳಗೆ ನಡೆಯುವುದೂ ಇಷ್ಟೇ.

1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕ್ಲಾಡ್ ಶಾನನ್ ಎಂಬ 21ರ ಹುಡುಗ ಸ್ನಾತಕೋತ್ತರ ಪ್ರಬಂಧ ಬರೆದ. ವಿಷಯ ಏನು ಗೊತ್ತೇ? ರಿಲೇ ಮಂಡಲಗಳು. ಜಾರ್ಜ್ ಬೂಲ್ 19ನೇ ಶತಮಾನದಲ್ಲಿ ಬರೆದಿಟ್ಟಿದ್ದ ಹೌದು-ಅಲ್ಲಗಳ ಬೀಜಗಣಿತವೂ ರಿಲೇಗಳ ಜೋಡಣೆಯೂ ಒಂದೇ ಅಂತ ತೋರಿಸಿಕೊಟ್ಟ. ನಿಮ್ಮ ಮಗಳು ಈ ಸೆಮಿಸ್ಟರಿನಲ್ಲಿ ಓದುತ್ತಿರುವ ಬೂಲಿಯನ್ ಆಲ್ಜಿಬ್ರಾ ಇಂಜಿನಿಯರುಗಳ ಕೈಗೆ ಬಂದದ್ದು ಹೀಗೆ, ಅವಳ ಅಜ್ಜಿಯ ರಿಲೇಯ ಮೂಲಕ. ಅದೇ ವರ್ಷ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಮನೆಗೆ ಒಂದೆರಡು ಹಳೇ ರಿಲೇ ಒಯ್ದು, ಅಡುಗೆಮನೆಯ ಮೇಜಿನ ಮೇಲೆ ಬಲ್ಬು, ತಗಡು ಜೋಡಿಸಿ ಕೂಡುವ ಯಂತ್ರ ಮಾಡಿದ. ಅಡುಗೆಮನೆಯಲ್ಲಿ ಹುಟ್ಟಿತೆಂದು ಅದನ್ನು 'ಮಾಡೆಲ್ ಕೆ' ಅಂದರು, ಕಿಚನ್‌ನ ಕೆ. ಜರ್ಮನಿಯಲ್ಲಿ ಕೊನ್ರಾಡ್ ತ್ಸೂಸೆ 1941ರಲ್ಲಿ ಮುಗಿಸಿದ ಝಡ್3 ಕಂಪ್ಯೂಟರಿನಲ್ಲಿ ಇದ್ದದ್ದು 2,000ಕ್ಕೂ ಹೆಚ್ಚು ಟೆಲಿಫೋನ್ ರಿಲೇಗಳು.

ರಿಲೇಯ ಕೊರತೆ ಅಂದರೆ ನಿಧಾನ. ಒಂದು ತುಂಡು ಲೋಹ ಕದಲಬೇಕಲ್ಲ. ಹಾಗಾಗಿ ಕದಲುವ ಭಾಗವೇ ಇಲ್ಲದ, ಬಲ್ಬಿನಂಥ ಗಾಜಿನ ವಾಲ್ವ್ ಬಂತು. 1946ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಅವು ಬಿಸಿಯಾಗಿ ಸುಟ್ಟುಹೋಗುತ್ತಿದ್ದವು. 1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ಬಂತು. ಅದು ಹುಟ್ಟಿದ ಬೆಲ್ ಲ್ಯಾಬ್ಸ್ ಒಂದು ಟೆಲಿಫೋನ್ ಕಂಪನಿಯ ಪ್ರಯೋಗಾಲಯ ಅನ್ನುವುದನ್ನು ಗಮನಿಸಿ. ವಾಲ್ವೂ ಬೇಡ, ರಿಲೇಯೂ ಬೇಡ, ಘನವಸ್ತುವೇ ಸ್ವಿಚ್ಚಾಗಲಿ ಎಂಬ ಹಂಬಲ ಅವರಿಗಿತ್ತು.

ಅಮ್ಮನವರಿಗೆ ಹೇಳಿ, ಅವರು ಮೂವತ್ತು ವರ್ಷ ಕೈಯಲ್ಲಿ ಹಿಡಿದಿದ್ದು ಲಾಜಿಕ್ ಗೇಟು.

ನಿವೃತ್ತ ಟೆಕ್ನಿಷಿಯನ್

ಅಕ್ಕಾ, ನಿಮ್ಮಮ್ಮನ ಕೈ ದಾಟಿ ಬಂದ ರಿಲೇಗಳನ್ನು ಬಹುಶಃ ನಾನೇ ಒರೆಸಿದ್ದೇನೆ. ಪೇಟೆ ಕಡೆಯ ಒಂದು ಎಕ್ಸ್‌ಚೇಂಜಿನಲ್ಲಿ ಸ್ಟ್ರೋಜರ್ ಎಂಬ ಹಳೇ ಕಾಲದ, ಲೋಹದ ಭಾಗಗಳು ಕದಲಿ ಕರೆ ಜೋಡಿಸುವ ಯಂತ್ರ ಇದ್ದ ಕಾಲದಿಂದ ಇದ್ದವನು.

ಈಗಿನ ಹುಡುಗರಿಗೆ ಆ ಕೋಣೆ ಹೇಗಿತ್ತು ಅಂತ ಹೇಳಲೇಬೇಕು. ನೀವು ಡಯಲ್‌ನಲ್ಲಿ 5 ತಿರುಗಿಸಿ ಬಿಟ್ಟರೆ ಲೈನಿನ ಕರೆಂಟು ಐದು ಸಲ ಕಡಿಯುತ್ತಿತ್ತು. ಸೊನ್ನೆ ತಿರುಗಿಸಿದರೆ ಹತ್ತು ಸಲ. ಆ ಒಂದೊಂದು ಕಡಿತಕ್ಕೂ ಎಕ್ಸ್‌ಚೇಂಜಿನ ಸೆಲೆಕ್ಟರ್ ಒಂದೊಂದು ಮೆಟ್ಟಿಲು ಹತ್ತುತ್ತಿತ್ತು. ಆಮೇಲೆ ಪಕ್ಕಕ್ಕೆ ತಿರುಗಿ ಖಾಲಿ ದಾರಿ ಹುಡುಕುತ್ತಿತ್ತು. ಹತ್ತು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಹತ್ತು ಜಾಗ. ನಿಮ್ಮ ಬೆರಳು ಚಾಮರಾಜಪೇಟೆಯಲ್ಲಿ ತಿರುಗಿದ್ದನ್ನು ಇಲ್ಲಿ ಒಂದು ಯಂತ್ರ ಹೆಜ್ಜೆ ಹೆಜ್ಜೆಗೂ ಅನುಸರಿಸುತ್ತಿತ್ತು. ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಗಳ ಬಾಗಿಲು ತೆಗೆದರೆ ಸಾಕು, ತಗಡಿನ ಸೂರಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಇಡೀ ಹಾಲ್ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿಯೇ ಊರಿನಲ್ಲಿ ಏನೋ ಆಗಿದೆ ಅಂತ ಗೊತ್ತಾಗುತ್ತಿತ್ತು. ಯಾವ ರ‍್ಯಾಕಿನಲ್ಲಿ ಯಾವ ರಿಲೇ ತಡವರಿಸುತ್ತಿದೆ ಅನ್ನುವುದನ್ನೂ ಹಳಬರು ಕಿವಿಯಲ್ಲೇ ಹಿಡಿಯುತ್ತಿದ್ದರು. ಧೂಳು ಕೂತರೆ ರಾಂಗ್ ನಂಬರ್. ಸ್ಪ್ರಿಂಗ್ ಸಡಿಲವಾದರೆ ಕರೆ ಅರ್ಧದಲ್ಲಿ ಕಡಿಯುತ್ತಿತ್ತು. ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಇಪ್ಪತ್ತು ಗ್ರಾಂ ಅಂತ ಸರಿಯಾಗಿ ನೋಡಿದ್ದರೆ ಇಲ್ಲಿ ನನಗೆ ರಾತ್ರಿ ನಿದ್ದೆ ಸಿಗುತ್ತಿತ್ತು.

ಡಿಜಿಟಲ್ ಎಕ್ಸ್‌ಚೇಂಜ್ ಬಂದ ದಿನವನ್ನು ಮರೆಯಲಾರೆ. ಹಾಲ್ ತುಂಬ ಇದ್ದದ್ದು ಒಂದು ಮೂಲೆಯ ಬೀರುಗಳಿಗೆ ಇಳಿಯಿತು. ಹೊಸ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಸಾಹೇಬರು ಹೇಳಿದ್ದು ಒಂದೇ ವಾಕ್ಯ: "ಇನ್ಮೇಲೆ ಎಕ್ಸ್‌ಚೇಂಜ್ ಅಂದ್ರೆ ಕಂಪ್ಯೂಟರ್ ಕಣ್ರಯ್ಯಾ." ಟ್ರೇನಿಂಗಿಗೆ ಹೋದಾಗ ಅದರ ಅರ್ಥ ಆಯಿತು. ಮನುಷ್ಯನ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುವುದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ, ಅಂದರೆ 0-1ರ ಎಂಟು ಅಂಕಿಗಳಲ್ಲಿ, ಬರೆಯುವುದು, ಅಲ್ಲಿಗೆ ಸೆಕೆಂಡಿಗೆ 64,000 ಬಿಟ್. ಹೀಗೆ 30 ಜನರ ಮಾತನ್ನು ಸರದಿಯಲ್ಲಿ ಒಂದೇ ಲೈನಿನಲ್ಲಿ ಕಳಿಸಿ ಆ ತುದಿಯಲ್ಲಿ ಬಿಡಿಸಿಕೊಳ್ಳುವುದು. ಮಾತು ಒಂದು ಸಲ ಅಂಕಿಯಾದ ಮೇಲೆ ಪತ್ರ, ಫೋಟೊ, ಸಿನಿಮಾ ಎಲ್ಲಕ್ಕೂ ಅದೇ ದಾರಿ. ಫೋನೂ ಕಂಪ್ಯೂಟರೂ ಒಂದಾದದ್ದು ಮೊಬೈಲ್ ಬಂದಾಗ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಎಕ್ಸ್‌ಚೇಂಜಿನ ಒಳಗೆ ಅವು ಅದಕ್ಕೂ ಮುಂಚೆಯೇ ಒಂದಾಗಿದ್ದವು.

ಸರ್ಜಾಪುರ ರಸ್ತೆಯ ಕೋಡರ್

ಮೇಷ್ಟ್ರ ವಿವರಣೆ ಚೆನ್ನಾಗಿದೆ ಸಾರ್, ತತ್ವ ಒಂದೇ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬೆಂಗಳೂರಿನ ಮಟ್ಟಿಗೆ ಇದನ್ನು ಸ್ವಲ್ಪ ಹಿಗ್ಗಿಸುತ್ತಿದ್ದೇವೆ ಅನಿಸುತ್ತದೆ. ಇಲ್ಲಿಯ ಕಂಪ್ಯೂಟರ್ ಉದ್ಯಮಕ್ಕೆ ನಿಜವಾದ ತಿರುವು 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು, ಉಪಗ್ರಹದ ಮೂಲಕ ಇಲ್ಲಿಯ ವಿನ್ಯಾಸದ ಕೆಲಸ ನೇರ ಅಮೆರಿಕ ತಲುಪುವಂತಾದಾಗ. ಆಮೇಲೆ 1991ರ ಆರ್ಥಿಕ ಸುಧಾರಣೆ, ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕು. ಅಲ್ಲಿಂದ ಮುಂದಿನದಕ್ಕೂ ದೂರವಾಣಿನಗರದ ಕಾರ್ಖಾನೆಗೂ ನೇರ ಸಂಬಂಧ ಏನಿದೆ? ನಮ್ಮ ಆಫೀಸಿನಲ್ಲಿ ರಿಲೇ ನೋಡಿದವರೇ ಇಲ್ಲ. ಅಮ್ಮನವರ ದುಡಿಮೆಯನ್ನು ಕಮ್ಮಿ ಮಾಡಲು ಹೇಳುತ್ತಿಲ್ಲ. ಅಕ್ಕ ಸಮಾಧಾನದ ಮಾತು ಬೇಡ ಅಂದರಲ್ಲ, ಅದಕ್ಕೇ ಹೇಳಿದೆ.

ತ್ಯಾಗರಾಜನಗರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮಗು. ಆದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೇರೆ ಊರು ಬಿಟ್ಟು ಇಲ್ಲಿಗೇ ಯಾಕೆ ಬಂತು ಅಂತಲೂ ಕೇಳಿಕೋ. ಜ್ಯಾಕ್ ಕಿಲ್ಬಿ 1958ರಲ್ಲಿ ಐಸಿ, ಅಂದರೆ ಇಡೀ ಸರ್ಕ್ಯೂಟನ್ನು ಒಂದೇ ತುಂಡಿನಲ್ಲಿ ಕೂರಿಸಿದ ಚಿಪ್, ಮಾಡಿ ತೋರಿಸಿದ ಕಂಪನಿ ಅದು. ಚಿಪ್ ವಿನ್ಯಾಸಕ್ಕೆ ಜನ ಬೇಕಿತ್ತು. ಆ ಹೊತ್ತಿಗೆ ಈ ಊರಿನಲ್ಲಿ ಏನೇನಿತ್ತು? 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1940ರಿಂದ ಎಚ್‌ಎಎಲ್. 1948ರಿಂದ ಐಟಿಐ. 1954ರಿಂದ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್), ರೇಡಿಯೊಗಳಿಗೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಿದ ಜಾಗ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಸೋಲ್ಡರಿಂಗ್ ಐರನ್ ಹಿಡಿಯಲು ಬರುವ, ಡ್ರಾಯಿಂಗ್ ಓದಲು ಬರುವ, ಅಂಗುಲದ ಸಾವಿರದಲ್ಲೊಂದು ಭಾಗ ಅಂದರೆ ಎಷ್ಟು ಅಂತ ಬೆರಳಿನಲ್ಲೇ ಗೊತ್ತಿರುವ ಜನ ಬೀದಿ ಬೀದಿಯಲ್ಲಿದ್ದರು. ಅವರ ಮಕ್ಕಳೇ ನನ್ನ ತರಗತಿಗೆ ಬರುತ್ತಿದ್ದುದು. 80ರ ದಶಕದ ಹಾಜರಿ ಪುಸ್ತಕದಲ್ಲಿ ತಂದೆಯ ಉದ್ಯೋಗ ಅನ್ನುವ ಕಾಲಂ ನೋಡಿದ್ದರೆ ನಿನಗೇ ತಿಳಿಯುತ್ತಿತ್ತು. ತಾಯಿಯ ಉದ್ಯೋಗಕ್ಕೆ ಕಾಲಂ ಇರಲಿಲ್ಲ, ಅದು ಬೇರೆ ಮಾತು.

ಉಪಗ್ರಹದ ಕೊಂಡಿ ಬಂದು ಕೂತದ್ದು ಈ ನೆಲದ ಮೇಲೆ.

ಕಿತ್ತೂರು ಕಡೆಯವ

ನಾ ಈಗ ಇರೋದು ರಾಜಾಜಿನಗರದಾಗ, ಊರು ಮಾತ್ರ ಕಿತ್ತೂರಿನ ಹತ್ರ. ಬೆಂಗಳೂರಿನವರು ಬೆಂಗಳೂರಿಂದ ಅಷ್ಟ ಹೇಳಾಕತ್ತೀರಿ, ನಮ್ಮದೂ ಒಂದು ಕೇಳ್ರಿ.

ನಮ್ಮಪ್ಪ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟ್ ಆಫೀಸಿನ ಕಟ್ಟಿ ಮ್ಯಾಲೆ ಕೂಡ್ತಿದ್ದ. ಮುಂಜಾನೆ ಬುಕ್ ಮಾಡಿದ್ದು ಸಂಜಿ ಹೊತ್ತಿಗೆ ಬಂದ್ರೆ ಪುಣ್ಯ. ಅರ್ಜೆಂಟ್ ಅಂದ್ರ ಒಂದು ರೇಟು, ಲೈಟ್ನಿಂಗ್ ಅಂದ್ರ ಅದಕ್ಕೂ ಹೆಚ್ಚಿನ ರೇಟು. ಲೈನ್ ಸಿಕ್ಕರೂ "ಹಲೋ, ಹಲೋ, ಕೇಳಾಕತ್ತೇತೇನು" ಅನ್ನೋದ್ರಾಗ ಮೂರು ನಿಮಿಷ ಮುಗೀತಿತ್ತು. ಅಕ್ಕನ ಬಾಣಂತನದ ಸುದ್ದಿ ಇಡೀ ಓಣಿಗೆ ಕೇಳಿಸ್ಯೇ ಅಕ್ಕನ ಗಂಡಗ ಮುಟ್ಟಿದ್ದು.

1984ರಾಗ ಸಿ-ಡಾಟ್ ಅನ್ನೋ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸುರು ಆತು, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಾಗ. ಅವರು ಹಳ್ಳಿಗಂತನ 128 ಪೋರ್ಟಿನ ಸಣ್ಣ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿದ್ರು, ರ‍್ಯಾಕ್ಸ್ ಅಂತಿದ್ರು ಅದಕ್ಕ. ಪರದೇಶದ ಎಕ್ಸ್‌ಚೇಂಜಿಗೆ ಎಸಿ ಬೇಕು, ಧೂಳು ಆಗೂದಿಲ್ಲ. ನಮ್ಮ ಹಳ್ಯಾಗ ಕರೆಂಟ ಇರಾಂಗಿಲ್ಲ, ಎಸಿ ಎಲ್ಲಿಂದ ತರೋದು? ಅದಕ್ಕ ಎಸಿ ಇಲ್ಲದನ ಬಿಸಿಲಾಗ, ಧೂಳಾಗ ನಡಿಯೋ ಹಂಗ ಇದನ್ನ ಮಾಡಿದ್ರು. ಅಂಥ ಮೊದಲನೇದ್ದು ಕೂತಿದ್ದು 1986ರಾಗ, ನಮ್ಮ ಕಿತ್ತೂರಾಗ. ದಿಲ್ಲಿ ಅಲ್ಲ, ಬೆಂಗಳೂರೂ ಅಲ್ಲ, ರಾಣಿ ಚನ್ನಮ್ಮನ ಕಿತ್ತೂರು. ಈ ಮಾತು ಯಾರೂ ಹೇಳೂದಿಲ್ಲ ಅಂತ ನನಗ ಭಾಳ ಸಂಕಟ.

ಎಸ್‌ಟಿಡಿ ಬೂತ್

ಪೋಲಿಯೊದಿಂದ ನನ್ನ ಎಡಗಾಲು ನಡೆಯುವುದಿಲ್ಲ. ಅಂಗವಿಕಲರಿಗೆ ಆದ್ಯತೆ ಅಂತ 1991ರಲ್ಲಿ ಒಂದು ಎಸ್‌ಟಿಡಿ ಬೂತ್ ಸಿಕ್ಕಿತು, ಶ್ರೀರಾಮಪುರದಲ್ಲಿ. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿಯ ಮೀಟರು. ರಾತ್ರಿ 11 ಆದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿತ್ತು. ಆಗ ಕಟ್ಟಡ ಕೆಲಸದ ಹುಡುಗರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾಲಾಗಿ ನಿಲ್ಲೋರು. ನನ್ನ ಇಬ್ಬರು ತಂಗಿಯರ ಮದುವೆ ಆದದ್ದು ಆ ಸಾಲಿನಿಂದ. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು ನೋಡಿ, ಅಲ್ಲಿಂದ ಸಾಲು ಕರಗುತ್ತಾ ಬಂತು. ಈಗ ಅದೇ ಜಾಗದಲ್ಲಿ ಜೆರಾಕ್ಸ್, ರೀಚಾರ್ಜ್, ಆನ್‌ಲೈನ್ ಅರ್ಜಿ. ಜಾಗ ಬಿಡಲಿಲ್ಲ.

ಆಪರೇಟರ್ ಮಗ

ಎಲ್ಲರೂ ಬಂದದ್ದನ್ನು ಹೇಳಿದಿರಿ. ಹೋದದ್ದನ್ನೂ ಯಾರಾದರೂ ಹೇಳಬೇಕು.

ನನ್ನ ತಾಯಿ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹೆಡ್‌ಸೆಟ್ ಹಾಕಿಕೊಂಡು ವೈರಿನ ತುದಿಯನ್ನು ಜ್ಯಾಕಿಗೆ ಚುಚ್ಚಿ ಊರಿಗೆ ಊರನ್ನು ಹೊಲಿಯುತ್ತಿದ್ದರು. ಕನ್ನಡ, ತಮಿಳು, ತೆಲುಗು, ಹಿಂದಿ, ಇಂಗ್ಲಿಷ್, ಐದರಲ್ಲೂ ಮಾತಾಡುತ್ತಿದ್ದರು. ಅತ್ತುಕೊಂಡು ಕಾಲ್ ಬುಕ್ ಮಾಡಿದವರಿಗೆ ಸರದಿ ತಪ್ಪಿಸಿ ಲೈನ್ ಕೊಟ್ಟು ಮೇಲಿನವರಿಂದ ಬೈಸಿಕೊಂಡದ್ದೂ ಇದೆ. ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ಎಸ್‌ಟಿಡಿ ಎಲ್ಲೆಡೆ ಹಬ್ಬಿದ ಮೇಲೆ ಅವರನ್ನು ಒಂದು ಬಿಲ್ಲಿಂಗ್ ಕೌಂಟರಿಗೆ ಹಾಕಿದರು. ಸಂಬಳ ಅಷ್ಟೇ ಬರುತ್ತಿತ್ತು. ಆದರೆ ಮನೆಗೆ ಬಂದು "ಇವತ್ತು ಯಾರ ದನೀನೂ ಕೇಳಲಿಲ್ಲ" ಅನ್ನೋರು. ಸೆಲೆಕ್ಟರ್ ಬಂದು ಆಪರೇಟರ್ ಕೆಲಸ ಕಿತ್ತುಕೊಂಡಿತು, ಚಿಪ್ ಬಂದು ಸೆಲೆಕ್ಟರ್ ಕೆಲಸ ಕಿತ್ತುಕೊಂಡಿತು. ಈಗ ಕೋಡ್ ಬರೆಯುವ ಯಂತ್ರವೂ ಬಂದಿದೆಯಂತೆ. ಕೋಡರ್ ತಮ್ಮಾ, ನಿನಗೆ ನೋವು ಮಾಡಲು ಹೇಳುತ್ತಿಲ್ಲ. ಆ ಕೌಂಟರಿನಲ್ಲಿ ಕೂತವರ ಮಗ ನಾನು.

ಸರ್ಜಾಪುರ ರಸ್ತೆಯ ಕೋಡರ್

ಅಣ್ಣಾ, ನಿಮ್ಮ ತಾಯಿಯ ಆ ಒಂದು ವಾಕ್ಯವನ್ನು ಎರಡು ಸಲ ಓದಿದೆ. ನಮ್ಮ ಟೀಮಿನಲ್ಲಿ ಈ ವರ್ಷ ಇದೇ ಮಾತು ನಡೆಯುತ್ತಿದೆ. ಬೇರೆ ಥರದ ಪದಗಳಲ್ಲಿ, ಅಷ್ಟೇ.

ಮೇಷ್ಟ್ರೇ, 'ನೇರ ಸಂಬಂಧ ಇಲ್ಲ' ಅಂದದ್ದನ್ನು ಹಿಂದಕ್ಕೆ ತಗೊಳ್ಳುತ್ತೇನೆ. ನನ್ನ ತಂದೆ ಬಿಇಎಲ್ ಶಾಲೆಯಲ್ಲಿ ಓದಿದವರು, ತಾತ ಅಲ್ಲೇ ಫಿಟ್ಟರ್ ಆಗಿದ್ದರು. ನಾನೇ ಆ ಹಾಜರಿ ಪುಸ್ತಕದ ಕಾಲಮ್ಮಿನವನು, ಬರೆಯುವಾಗ ಹೊಳೆಯಲಿಲ್ಲ.

ಬಳೇಪೇಟೆ ಡಿಟಿಪಿ

ಮದುವೆ ಪತ್ರಿಕೆ ಟೈಪ್ ಮಾಡಿ ಬೆಳೆದವನು ನಾನು. ನೀವೆಲ್ಲ 0, 1 ಅಂತ ಹೇಳುತ್ತಿದ್ದೀರಿ. ಆ 0, 1ಕ್ಕೆ ಭಾಷೆ ಇಲ್ಲ ನಿಜ. ಆದರೆ ಯಾವ ಅಕ್ಷರಕ್ಕೆ ಯಾವ ಅಂಕಿ ಅಂತ ಬರೆದಿಟ್ಟವರಿಗೆ ಭಾಷೆ ಇತ್ತು, ಅದು ಕನ್ನಡ ಆಗಿರಲಿಲ್ಲ. ಈ ಚರ್ಚೆಯನ್ನು ನಾವು ಕನ್ನಡದಲ್ಲಿ ನಡೆಸುತ್ತಿದ್ದೇವಲ್ಲ, ಅದೂ ತಾನಾಗಿ ಆದದ್ದಲ್ಲ.

90ರ ದಶಕದಲ್ಲಿ ಒಂದೊಂದು ಕಂಪನಿಯ ಫಾಂಟಿಗೂ ಒಂದೊಂದು ಲೆಕ್ಕ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು, ತಲಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ನಮ್ಮ ಅಂಗಡಿಯಲ್ಲಿ ಮಾಡಿದ ಫೈಲು ಪಕ್ಕದ ಅಂಗಡಿಯಲ್ಲಿ ತೆರೆದರೆ ಹುಳಹುಳ. ಒಂದು ಸಲ ಮುಹೂರ್ತದ ಸಾಲಿನಲ್ಲಿ ಅಕ್ಷರಗಳು ಅದಲುಬದಲಾಗಿ, 500 ಕಾರ್ಡು ನನ್ನ ಕೈಯಿಂದ ಮತ್ತೆ ಹಾಕಿಸಿಕೊಟ್ಟೆ.

ಕೆ.ಪಿ. ರಾವ್ ಅವರ ಕೀಲಿಮಣೆ ಕಲಿತ ದಿನ ನೆನಪಿದೆ. ಕೆ ಒತ್ತಿದರೆ ಕ, ದೊಡ್ಡ ಕೆ ಒತ್ತಿದರೆ ಖ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ನಾವು ಶಾಲೆಯಲ್ಲಿ ಹೇಗೆ ಕಲಿತೆವೋ ಹಾಗೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ನಿಜವಾದ ಬಿಡುಗಡೆ ಸಿಕ್ಕಿದ್ದು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಅಂಕಿ ಗೊತ್ತುಮಾಡಿದ ಯೂನಿಕೋಡ್ ಬಳಕೆಗೆ ಬಂದ ಮೇಲೆ. ಅದರಲ್ಲಿ ಕನ್ನಡಕ್ಕೆ ಅಂತಲೇ 128 ಜಾಗಗಳ ಒಂದು ಓಣಿ ಇದೆ. 'ಕ್ತ' ಅನ್ನುವುದನ್ನು ಚಿತ್ರದ ತುಂಡುಗಳಾಗಿ ಇಡುವುದಿಲ್ಲ. ಕ, ಅದರ ಮುಂದೆ ಅರ್ಧಾಕ್ಷರದ ಗುರುತು, ಅದರ ಮುಂದೆ ತ, ಹೀಗೆ ಮೂರು ಅಂಕಿ ಇಡುತ್ತದೆ. ಒತ್ತು ಬರೆಯುವ ಕೆಲಸ ಫಾಂಟಿನದು. ಹಾಗಾಗಿ ನಾನು ಬಳೇಪೇಟೆಯಲ್ಲಿ ಒತ್ತಿದ್ದು ಕಿತ್ತೂರಿನಲ್ಲೂ ಅಮೆರಿಕದಲ್ಲೂ ಅದೇ ಆಗಿ ಕಾಣುತ್ತದೆ. ಇಷ್ಟಾದರೂ 'ರ‍್ಯಾಂಕ್' ಅಂತ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಹಾಕದಿದ್ದರೆ ಅರ್ಕಾವೊತ್ತು ಬಂದು ಕೂರುತ್ತದೆ. ಕಿತ್ತೂರಿನವರು ಮೇಲೆ ರ‍್ಯಾಕ್ಸ್ ಅಂತ ಸರಿಯಾಗಿ ಬರೆದಿದ್ದಾರೆ, ನೋಡಿ ಸಂತೋಷವಾಯಿತು.

ನನ್ನ ಬಳಿ ಇನ್ನೂ ಮುನ್ನೂರಕ್ಕೂ ಹೆಚ್ಚು ಫ್ಲಾಪಿಗಳಿವೆ. ಹಳೇ ಫಾಂಟಿನವು. ಎಷ್ಟೋ ಮನೆಗಳ ಲಗ್ನಪತ್ರಿಕೆ, ಎರಡು ಜಾತ್ರೆಯ ಸ್ಮರಣ ಸಂಚಿಕೆ. ಅವನ್ನು ಯೂನಿಕೋಡಿಗೆ ತರುತ್ತಾ ಇದ್ದೇನೆ, ದಿನಕ್ಕೆ ಒಂದು.

ದೂರವಾಣಿನಗರದ ಮಗಳು

ಎಲ್ಲರಿಗೂ ಕೈ ಮುಗಿದೆ. ಭಾನುವಾರ ನಡೆದದ್ದನ್ನು ಹೇಳಲೇಬೇಕು.

ಮೇಷ್ಟ್ರು ಬರೆದದ್ದನ್ನು ಮಗಳಿಗೆ ಓದಿಸಿದೆ. ಅವಳು ಶನಿವಾರವೇ ಎಸ್‌ಪಿ ರೋಡಿಗೆ ಹೋಗಿ ಎರಡು 12 ವೋಲ್ಟಿನ ರಿಲೇ ತಂದಳು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಇರುವಂಥವು, ಒಂದೊಂದರಲ್ಲೂ ಎರಡೆರಡು ಕಾಂಟ್ಯಾಕ್ಟ್ ಜೋಡಿ. ಅಡುಗೆಮನೆಯ ಮೇಜಿನ ಮೇಲೇ ಜೋಡಿಸಿದಳು. ಬಿಡಿಗೆ ಒಂದು ಕೆಂಪು ಎಲ್‌ಇಡಿ, ದಶಕಕ್ಕೆ ಒಂದು ಹಸಿರು. 0+1 ಸರಿ ಬಂತು. 1+0 ಸರಿ ಬಂತು. 1+1 ನೋಡಲು ಎರಡು ರಿಲೇಗೂ ಒಂದೇ ಸ್ವಿಚ್ ಕೊಟ್ಟು ಒತ್ತಿದಾಗ ಹಸಿರು ಹತ್ತಿತು, ಆದರೆ ಅದಕ್ಕೂ ಮುಂಚೆ ಕೆಂಪು ಒಂದು ಕ್ಷಣ ಮಿಂಚಿ ಆರಿತು. ಮತ್ತೆ ಒತ್ತಿದರೂ ಹಾಗೇ. ವೈರಿಂಗ್ ತಪ್ಪಿದೆ ಅಂತ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಆಗಲೂ ಮಿಂಚಿತು.

ಅಮ್ಮ ಅಷ್ಟು ಹೊತ್ತೂ ಆ ಕಡೆ ತಿರುಗಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ತಿರುಗದೆಯೇ ಹೇಳಿದರು: "ಎರಡೂ ಒಟ್ಟಿಗೆ ಬೀಳ್ತಿಲ್ಲ ಕಣೇ. ಒಂದು ಹಿಂದೆ ಬರ್ತಿದೆ."

ಮಗಳು ಕಿವಿಗೊಟ್ಟು ಕೇಳಿದಳು. ನನಗೆ ಕೇಳಿಸಿದ್ದು ಒಂದೇ 'ಟಕ್'. ಅವಳಿಗೂ ಒಂದೇ. ಅಮ್ಮನಿಗೆ ಮಾತ್ರ ಎರಡು. ಒಂದು ರಿಲೇ ಎಳೆದು ಇನ್ನೊಂದು ಇನ್ನೂ ಎಳೆಯದ ಆ ಒಂದು ಕ್ಷಣ, ಲೆಕ್ಕದಲ್ಲಿ 1+0 ಆಗುತ್ತದಂತೆ, ಅದಕ್ಕೇ ಕೆಂಪು ಮಿಂಚುವುದಂತೆ. ಇದಕ್ಕೆ ಅವಳ ಪುಸ್ತಕದಲ್ಲಿ ಗ್ಲಿಚ್ ಅಂತ ಹೆಸರಿದೆ, ಪರೀಕ್ಷೆಗೂ ಬರುತ್ತದೆ ಅಂದಳು.

ಅಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ಕೂತರು. ಎರಡನೆಯ ರಿಲೇಯ ಮುಚ್ಚಳ ಉಗುರಿನಲ್ಲಿ ಎಬ್ಬಿಸಿ ತೆಗೆದರು. ಕನ್ನಡಕ ಹಣೆಗೆ ಏರಿಸಿ ಹತ್ತಿರ ಹಿಡಿದು ನೋಡಿದರು. ಟ್ರಂಕಿನಿಂದ ಇಕ್ಕಳ ತರಿಸಿಕೊಂಡು ಸ್ಪ್ರಿಂಗನ್ನು ಮುಟ್ಟಿದರೋ ಇಲ್ಲವೋ ಅನ್ನುವ ಹಾಗೆ ಮುಟ್ಟಿದರು. ಎರಡು ಸಲ ಒತ್ತಿಸಿ ಕೇಳಿ, ಮತ್ತೆ ಒಂದು ಸಲ ಮುಟ್ಟಿದರು.

"ಈಗ ಒತ್ತು."

ಹಸಿರು ಮಾತ್ರ ಹತ್ತಿತು.

ಮಗಳು ಉಸಿರೇ ಬಿಡಲಿಲ್ಲ. ಅಮ್ಮ ಮೊದಲನೆಯ ರಿಲೇಯನ್ನು ಬೆರಳಿನಿಂದ ತಟ್ಟಿ, "ಇದೂ ಸ್ವಲ್ಪ ಬಿಗಿ ಇದೆ, ಕೊಡು ಇಲ್ಲಿ" ಅಂದರು.